ಜಗುಲಿಯ ಮಾತು: ಆ ತಂಡ ಯಾರದು?

ಈ ಅಂಕಣದಲ್ಲಿ ಆಟಗಳ ವಿಚಾರವನ್ನು ನಾವು ಎತ್ತಿದ್ದು ಬಹು ಕಡಿಮೆ. ಅದು ಹುಡುಗರ ಸಂಗತಿಯೆಂದು ಹಿರಿಯರೂ, ಅದರಲ್ಲಿ ನಮ್ಮಂಥವರ ಮಾತು ಬೇಡವೆಂದು ಹುಡುಗರೂ ಭಾವಿಸಿರುವುದರಿಂದ ನಾವೂ ಸುಮ್ಮನಿದ್ದೆವು. ಆದರೆ ಮಾಂಬಳ್ಳಿಯ ನಮ್ಮ ನೆರೆಮನೆಯ ತಾಯಿಯೊಬ್ಬರು ಕೇಳಿದ ಪ್ರಶ್ನೆಯೊಂದು ಬಹುದಿನದಿಂದ ನಮ್ಮ ಮನಸ್ಸಿನಲ್ಲಿ ಕುಳಿತುಬಿಟ್ಟಿದೆ. ಅಂದು ಅದಕ್ಕೆ ಉತ್ತರ ಹೇಳಲಾರದೆ ಹೋದೆವು. ವಾಚಕ ಮಹಾಶಯರೂ ಸೋದರಿಯರೂ ಮನ್ನಿಸಬೇಕು. ಈ ತಿಂಗಳ ಮಾತು ಅದರ ವಿಷಯವಾಗಿಯೇ.

2025ನೆಯ ಇಸವಿ ಜೂನ್ 3ನೆಯ ತಾರೀಖಿನ ರಾತ್ರಿ ನಮ್ಮ ಬೀದಿಯಲ್ಲಿ ದೀಪವಾರಿದ ಮನೆಯೇ ಇರಲಿಲ್ಲ. ಅಹಮದಾಬಾದಿನಲ್ಲಿ ಬೆಂಗಳೂರಿನ ಕ್ರಿಕೆಟ್ ತಂಡವು ಪಂಜಾಬಿನ ತಂಡವನ್ನು ಸೋಲಿಸಿ, ಹದಿನೆಂಟು ವರ್ಷ ಕಾದು ಮೊತ್ತಮೊದಲನೆಯ ಸಲ ಕಪ್ಪನ್ನು ಗೆದ್ದಿತು. ದೀಪಾವಳಿಯಲ್ಲಿ ಮಿಕ್ಕು ಅಟ್ಟದ ಮೇಲೆ ಮೆತ್ತಗಾಗಿದ್ದ ಪಟಾಕಿಗಳೆಲ್ಲ ಆ ರಾತ್ರಿ ಕೆಳಗಿಳಿದುವು. ಕ್ರಿಕೆಟ್ಟೆಂದರೆ ಮುಖ ತಿರುವುತ್ತಿದ್ದ ಮುದುಕರೂ ಎದ್ದು ಬಂದು ಜಗುಲಿಯ ಮೇಲೆ ಕುಳಿತರು.

ಆ ತಾಯಿಯ ಮಗ ಬೆಂಗಳೂರಿನ ಒಂದು ಬಟ್ಟೆಯಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಮಾರನೆಯ ದಿನ ಮಧ್ಯಾಹ್ನ ನಮಗೆ ದೂರವಾಣಿ ಮಾಡಿ, “ಮಾವ, ಸಾಯಂಕಾಲ ಸ್ಟೇಡಿಯಂ ಹತ್ರ ಹೋಗ್ಬೇಕು ಅಂತಿದ್ದೀನಿ. ಅವ್ವ ಬೇಡ ಅಂತಾಳೆ. ನೀವೊಂದು ಮಾತು ಹೇಳಿ” ಎಂದನು. ನಾವು ಹೇಳಿದೆವು. “ಹೋಗಲಿ ಬಿಡು ತಾಯಿ, ಹದಿನೆಂಟು ವರ್ಷಕ್ಕೆ ಬಂದಿರೋ ಹಬ್ಬ” ಎಂದು ನಾವೇ ಒಪ್ಪಿಸಿದೆವು. ಸಾಯಂಕಾಲ ಐದರ ಮೇಲೆ ದೂರದರ್ಶನದಲ್ಲಿ ಬಂದ ಸುದ್ದಿಯನ್ನು ಓದುಗರೆಲ್ಲರೂ ಬಲ್ಲರು. ರಾತ್ರಿ ಒಂಬತ್ತರವರೆಗೆ ಆ ಹುಡುಗನ ದೂರವಾಣಿ ಸಿಕ್ಕಲಿಲ್ಲ. ಅಷ್ಟು ಹೊತ್ತೂ ಆಕೆ ನಮ್ಮ ಜಗುಲಿಯ ಕಂಬಕ್ಕೊರಗಿ ಕುಳಿತಿದ್ದರು. ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಹಗುರವಾಗುತ್ತಿತ್ತು.

ಹುಡುಗ ಉಳಿದನು. ಮುಂದಿನ ಭಾನುವಾರ ಊದಿದ ಕಾಲಿನೊಡನೆ, ತೋಳು ಹರಿದ ಕೆಂಪು ಅಂಗಿಯೊಡನೆ ಊರಿಗೆ ಬಂದನು. ಆ ಅಂಗಿಗೆ ಹೊಲಿಗೆ ಹಾಕುತ್ತ ಕುಳಿತಿದ್ದಾಗಲೇ ಆಕೆ ಕೇಳಿದ್ದು: “ಅಣ್ಣ, ಕಪ್ ನಮ್ದೇ, ಕಪ್ ನಮ್ದೇ ಅಂತ ಇವನು ವರ್ಷವೆಲ್ಲ ಕೂಗ್ತಾನೆ. ನಮ್ದು ಅಂದ್ರೆ ಯಾರ್ದು? ಆ ತಂಡದ ಯಜಮಾನ್ರು ಯಾರು?”

ತಂಡದ ಹುಟ್ಟಿನಿಂದಲೇ ಆರಂಭಿಸುವುದು ಮೇಲು. 2008ನೆಯ ಇಸವಿ ಜನವರಿ 24ರಂದು ಭಾರತದ ಕ್ರಿಕೆಟ್ ಮಂಡಲಿಯು ಎಂಟು ಊರುಗಳ ಹೆಸರಿನಲ್ಲಿ ಎಂಟು ತಂಡಗಳನ್ನು ಕಟ್ಟುವ ಹಕ್ಕನ್ನು ಮಾರಿತು. ಮಾರಾಟಕ್ಕಿದ್ದುದು ಆಟಗಾರರಲ್ಲ, ಮೈದಾನವೂ ಅಲ್ಲ. ಒಂದು ಊರಿನ ಹೆಸರನ್ನು ಹೊತ್ತು ಆಡುವ ಅಧಿಕಾರ. ಬೆಂಗಳೂರಿನ ಹಕ್ಕು 11.16 ಕೋಟಿ ಡಾಲರಿಗೆ ವಿಜಯ್ ಮಲ್ಯರ ಮದ್ಯದ ಸಂಸ್ಥೆಗೆ ಹೋಯಿತು. ಆಗಿನ ವಿನಿಮಯದಲ್ಲಿ ಅದು ನಾನೂರು ಕೋಟಿ ರೂಪಾಯಿಗೂ ಮಿಗಿಲು. ಇದಕ್ಕಿಂತ ಹೆಚ್ಚಿನ ಬೆಲೆಗೆ ಹೋದುದು ಮುಂಬಯಿ ಒಂದೇ, ಅದೂ 11.19 ಕೋಟಿ ಡಾಲರಿಗೆ. ತಂಡಕ್ಕೆ ‘ರಾಯಲ್ ಚಾಲೆಂಜರ್ಸ್’ ಎಂದು ಹೆಸರಾಯಿತು. ಈ ಹೆಸರಿನಲ್ಲಿ ರಾಜಠೀವಿಯೇನೋ ಇದೆಯೆಂದು ತಿಳಿದಿರುವ ಮನೆಗಳು ಬಹಳ. ಅದು ಆ ಸಂಸ್ಥೆಯ ಒಂದು ವಿಸ್ಕಿಯ ಹೆಸರಿನಿಂದ ಬಂದದ್ದು. ದೂರದರ್ಶನದಲ್ಲಿ ಮದ್ಯದ ಜಾಹೀರಾತು ಕೂಡದೆಂದು ಕಾನೂನಿದೆ. ಆದರೆ ಆಟದ ತಂಡದ ಹೆಸರನ್ನು ದಿನಕ್ಕೆ ನೂರು ಸಲ ಕೂಗಲು ಅಡ್ಡಿಯೇನು? ಹಸುಮಕ್ಕಳಿಗೂ ಕೆಂಪು ಅಂಗಿ ತೊಡಿಸುವ ತಾಯಂದಿರು ಇದನ್ನು ತಿಳಿದಿರಲೆಂದು ಬರೆದೆವು. ಅಂಗಿ ತೊಡಿಸಬೇಡಿರೆಂದು ಹೇಳುವ ಅಧಿಕಾರ ನಮಗಿಲ್ಲ.

ಊರಿನ ಹೆಸರು ಜನರದು, ಹಕ್ಕು ಮತ್ತೊಬ್ಬರದು: ಈ ಬಗೆಯ ಏರ್ಪಾಡು ನಮ್ಮ ಸೀಮೆಗೆ ಹೊಸದೇನಲ್ಲ. 1807ರಲ್ಲಿ ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ದೊರೆಯಿತು. ಅಂದಿನಿಂದ ತಲೆತಲಾಂತರ ಉತ್ತವರು ಬಿತ್ತವರು ಇಲ್ಲಿಯವರೇ. ಊರ ಹಬ್ಬಕ್ಕೆ ತೇರೆಳೆದವರೂ ಇಲ್ಲಿಯವರೇ. ಆದರೆ ಹುಟ್ಟುವಳಿ ಸೇರುತ್ತಿದ್ದುದು ಜಹಗೀರುದಾರರ ಬೊಕ್ಕಸಕ್ಕೆ. ಪೂರ್ಣಯ್ಯನವರು ಸಮರ್ಥರು, ದೊಡ್ಡವರು. ಅದು ಬೇರೆ ಮಾತು. “ನಮ್ಮ ಯಳಂದೂರು” ಎನ್ನುವ ಒಕ್ಕಲಿನ ಮಾತೂ ಸುಳ್ಳಲ್ಲ, ಸನ್ನದಿನ ಮಾತೂ ಸುಳ್ಳಲ್ಲ. ಎರಡೂ ಒಂದೇ ನೆಲದ ಮೇಲೆ ನಡೆಯುತ್ತಿದ್ದುವು.

ಇದಕ್ಕಿಂತ ಮೊದಲೂ ನಮಗೊಂದು ಕ್ರಿಕೆಟ್ ತಂಡವಿತ್ತು. ರಣಜಿ ಪಂದ್ಯಾವಳಿಯ ಮೊದಲನೆಯ ಪಂದ್ಯವನ್ನೇ 1934ರ ನವೆಂಬರಿನಲ್ಲಿ ಮೈಸೂರಿನವರು ಮದರಾಸಿನಲ್ಲಿ ಆಡಿದರು, ಒಂದೇ ದಿನದಲ್ಲಿ ಸೋತು ಬಂದರು. ಆಗ ಕೊಳ್ಳೇಗಾಲವು ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಯಳಂದೂರು ಮೈಸೂರಿಗೆ ಸೇರಿದ್ದಿತು. ಕೂಗುವ ಪದ್ಧತಿ ಆ ಕಾಲದಲ್ಲಿ ಇದ್ದಿದ್ದರೆ, ನಾಲ್ಕು ಹೆಜ್ಜೆ ಆಚೀಚೆಯ ನೆಂಟರು ಎರಡು ಪಕ್ಷವಾಗಿ ಕೂಗಬೇಕಾಗುತ್ತಿತ್ತು! ಆ ತಂಡವು 1973ರಲ್ಲಿ ಕರ್ನಾಟಕವೆಂಬ ಹೆಸರನ್ನು ಪಡೆದು, ಅದೇ ಋತುವಿನಲ್ಲಿ ಎರಪಳ್ಳಿ ಪ್ರಸನ್ನರ ನಾಯಕತ್ವದಲ್ಲಿ ಮೊದಲನೆಯ ಸಲ ರಣಜಿ ಪಾರಿತೋಷಕವನ್ನು ಗೆದ್ದಿತು. ಅದರಲ್ಲಿ ಆಡತಕ್ಕವರು ನಮ್ಮ ನಾಡಿನ ಶಾಲೆಯ ಮೈದಾನಗಳಲ್ಲಿ ಬೆಳೆದವರು; ಅದನ್ನು ಕೊಂಡವರಿಲ್ಲ, ಮಾರಿದವರೂ ಇಲ್ಲ. ಆದರೆ ಸತ್ಯವನ್ನು ಹೇಳಬೇಕು: ಆ ತಂಡ ಗೆದ್ದಾಗ ನಮ್ಮ ಬೀದಿಯಲ್ಲಿ ಒಂದು ಪಟಾಕಿಯೂ ಸಿಡಿದುದನ್ನು ನಾವು ಕಾಣೆವು.

ಕೊಂಡ ತಂಡದ ಮೊದಲನೆಯ ಪಂದ್ಯವು 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ ನಡೆಯಿತು. ನಾಯಕರು ನಮ್ಮ ರಾಹುಲ್ ದ್ರಾವಿಡ್. ಎದುರಿಗೆ ಕಲಕತ್ತೆಯ ತಂಡ. ಅವರ ಕಡೆಯ ಬ್ರೆಂಡನ್ ಮೆಕಲಮ್ ಎಂಬ ನ್ಯೂಜಿಲೆಂಡಿನವನೊಬ್ಬನೇ 73 ಚೆಂಡುಗಳಲ್ಲಿ 158 ಓಟಗಳನ್ನು ಹೊಡೆದು ಔಟಾಗದೆ ಉಳಿದನು. ನಮ್ಮವರೆಲ್ಲರೂ ಕೂಡಿ ಹೊಡೆದದ್ದು 82. ಮದುವೆಯ ಮೊದಲನೆಯ ದಿನವೇ ಚಪ್ಪರ ಕುಸಿದಂತಾಯಿತು. ಆ ವರ್ಷ 14 ಪಂದ್ಯಗಳಲ್ಲಿ ಗೆದ್ದದ್ದು ನಾಲ್ಕು. ಎಂಟು ತಂಡಗಳಲ್ಲಿ ಏಳನೆಯ ಸ್ಥಾನ. ಆದರೂ ಆ ವರ್ಷವೇ ಒಂದು ಬೀಜ ಬಿದ್ದಿತು. ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ಪನ್ನು ಗೆದ್ದುಬಂದಿದ್ದ ವಿರಾಟ್ ಕೊಹ್ಲಿ ಎಂಬ ದೆಹಲಿಯ ಹುಡುಗನನ್ನು, ಅವನ ಸ್ವಂತ ಊರಿನ ತಂಡ ಬಿಟ್ಟುಕೊಟ್ಟು ಮತ್ತೊಬ್ಬನನ್ನು ಆರಿಸಿಕೊಳ್ಳಲು, ಬೆಂಗಳೂರಿನವರು ತೆಗೆದುಕೊಂಡರು. ಆತನು ಕನ್ನಡದವನಲ್ಲ, ಇಲ್ಲಿ ಹುಟ್ಟಿದವನಲ್ಲ. ಆದರೆ ಹದಿನೆಂಟು ವರ್ಷವೂ ಈ ಒಂದು ತಂಡದಲ್ಲಿಯೇ ಆಡಿ ಕಪ್ಪನ್ನು ಕಂಡವನು ಆತನು. ‘ನಮ್ಮವ’ ಎಂಬ ಮಾತಿಗೆ ಏನು ಅರ್ಥವೆಂದು ಪಂಡಿತರು ಇನ್ನೂ ಚರ್ಚಿಸುತ್ತಿರುವಾಗ ಹಳ್ಳಿಯ ಹುಡುಗರು ಅದನ್ನು ಎಂದೋ ತೀರ್ಮಾನಿಸಿಬಿಟ್ಟಿದ್ದಾರೆ.

ಎರಡನೆಯ ವರ್ಷದ ಕಥೆ ನಮಗೆ ಬಹು ಪ್ರಿಯವಾದದ್ದು. 2009ರಲ್ಲಿ ಲೋಕಸಭೆಯ ಚುನಾವಣೆಯ ದೆಸೆಯಿಂದ ಪಂದ್ಯಾವಳಿಯೆಲ್ಲವೂ ದಕ್ಷಿಣ ಆಫ್ರಿಕಕ್ಕೆ ಹೋಯಿತು. ಹಿಂದಿನ ವರ್ಷ ಸೋತ ಅದೇ ಏಪ್ರಿಲ್ 18ರಂದು ಕೇಪ್‌ಟೌನಿನಲ್ಲಿ ಅನಿಲ್ ಕುಂಬ್ಳೆಯವರು ಕೇವಲ 5 ಓಟ ಕೊಟ್ಟು 5 ವಿಕೆಟ್ ಕಿತ್ತರು. ರಾಜಸ್ಥಾನದವರು 58ಕ್ಕೆ ಮುಗಿದರು. ನಾಯಕನಾಗಿದ್ದ ಇಂಗ್ಲೆಂಡಿನ ಪೀಟರ್ಸನ್ ನಡುವೆ ತನ್ನ ದೇಶಕ್ಕೆ ಹೊರಟುಹೋಗಲು ಕುಂಬ್ಳೆಯವರೇ ನಾಯಕರಾದರು. ಮನೀಷ್ ಪಾಂಡೆ ಎಂಬ ನಮ್ಮ ಹುಡುಗನು ಈ ಪಂದ್ಯಾವಳಿಯಲ್ಲಿ ನೂರು ಹೊಡೆದ ಮೊದಲನೆಯ ಭಾರತೀಯನೆನಿಸಿದನು. ಮೇ 24ರಂದು ಜೋಹಾನ್ಸ್‌ಬರ್ಗಿನಲ್ಲಿ ಅಂತಿಮ ಪಂದ್ಯ. ಕುಂಬ್ಳೆಯವರು 16 ಓಟಕ್ಕೆ 4 ವಿಕೆಟ್ ತೆಗೆದರು. ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ತಂಡದವರು 143ಕ್ಕೆ ನಿಂತರು. ನಮ್ಮವರು 137ಕ್ಕೆ ನಿಂತರು. ಆರು ಓಟದ ಸೋಲು. ಪಂದ್ಯದ ಶ್ರೇಷ್ಠ ಆಟಗಾರನೆಂಬ ಗೌರವ ಸೋತ ತಂಡದ ಕುಂಬ್ಳೆಯವರಿಗೇ ಬಂದಿತು. ಗೆದ್ದ ಡೆಕ್ಕನ್ ಚಾರ್ಜರ್ಸ್ ಏನಾಯಿತೆಂದು ಕೇಳಿದರೆ, 2012ರಲ್ಲಿ ಹಣದ ತೊಡಕಿನಿಂದ ಆ ತಂಡವೇ ಇಲ್ಲವಾಯಿತು. ಹೈದರಾಬಾದಿನ ಮನೆಗಳಲ್ಲಿ ಆ ತಂಡದ ಅಂಗಿಗಳನ್ನು ಏನು ಮಾಡಿದರೋ.

ಅಲ್ಲಿಂದ ಮುಂದಿನ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇವೆ. 2011ರಲ್ಲಿ ಮತ್ತೊಮ್ಮೆ ಅಂತಿಮ ಪಂದ್ಯ. ಚೆನ್ನೈಯಲ್ಲಿ ಚೆನ್ನೈಯವರಿಂದಲೇ 58 ಓಟದ ಸೋಲು. 2013ರ ಏಪ್ರಿಲ್ 23ರಂದು ವೆಸ್ಟ್ ಇಂಡೀಸಿನ ಕ್ರಿಸ್ ಗೇಲ್ ಬೆಂಗಳೂರಿನಲ್ಲಿ 66 ಚೆಂಡುಗಳಿಗೆ 175 ಹೊಡೆದು, ತಂಡದ ಮೊತ್ತವನ್ನು 263ಕ್ಕೆ ಏರಿಸಿದನು. ನಾಲ್ಕು ವರ್ಷಗಳ ತರುವಾಯ ಅದೇ ಏಪ್ರಿಲ್ 23ರಂದು ಕಲಕತ್ತೆಯಲ್ಲಿ ಅದೇ ತಂಡ 49ಕ್ಕೆ ಮುಗಿಯಿತು. ಏರಿದರೆ ಬೆಟ್ಟದ ನೆತ್ತಿ, ಇಳಿದರೆ ಬಾವಿಯ ತಳ! ಈ ಗುಣವೇ ಜನರನ್ನು ಹಿಡಿದಿಟ್ಟಿತೆಂದು ನಮಗೆ ತೋರುತ್ತದೆ. ಸದಾ ಗೆಲ್ಲುವ ಮಗನಿಗಿಂತ ಎದ್ದು ಬೀಳುವ ಮಗನ ಮೇಲೆ ತಾಯಿಗೆ ಕಣ್ಣು ಹೆಚ್ಚು. 2016ರಲ್ಲಂತೂ ಕೊಹ್ಲಿ ಒಂದೇ ಋತುವಿನಲ್ಲಿ 973 ಓಟಗಳನ್ನು ಹೊಡೆದನು, ನಾಲ್ಕು ಶತಕಗಳನ್ನು ಕಂಡನು; ಅಂತಿಮ ಪಂದ್ಯ ನಮ್ಮ ಬೆಂಗಳೂರಿನಲ್ಲಿಯೇ; ಎಂಟು ಓಟಗಳಿಂದ ಸೋತೆವು. ಅದೇ ವರ್ಷ ತಂಡವನ್ನು ಕೊಂಡಿದ್ದ ಮಲ್ಯರು ಸಾಲದ ತೊಡಕಿನಲ್ಲಿ ದೇಶವನ್ನು ಬಿಟ್ಟು ಇಂಗ್ಲೆಂಡಿಗೆ ಹೋದರು. ಅವರ ಮದ್ಯದ ಸಂಸ್ಥೆ ಅಷ್ಟರೊಳಗೆ ಡಿಯಾಜಿಯೊ ಎಂಬ ಬ್ರಿಟಿಷ್ ಕಂಪೆನಿಯ ವಶಕ್ಕೆ ಹೋಗಿದ್ದಿತು. ಸಂಸ್ಥೆಯ ಸಂಗಡ ತಂಡವೂ ಹೋಯಿತು. ಮಾಂಬಳ್ಳಿಯ ಹುಡುಗ “ನಮ್ದೇ” ಎಂದು ಕೂಗುತ್ತಿದ್ದಾಗ ಸನ್ನದು ಲಂಡನ್ನಿನ ಕಡೆಗೆ ತಿರುಗಿದ್ದನ್ನು ಯಾರೂ ಗಮನಿಸಲಿಲ್ಲ. ಗಮನಿಸಬೇಕಾದ ಕಾರಣವೂ ಅವನಿಗಿರಲಿಲ್ಲವೆನ್ನಿ.

ನಗರದ ಹೆಸರು 2014ರಿಂದಲೇ ಸರ್ಕಾರದ ಕಾಗದಗಳಲ್ಲಿ ಬೆಂಗಳೂರೆಂದಾಗಿದ್ದರೂ ತಂಡದವರು ಇಂಗ್ಲಿಷಿನ ‘ಬ್ಯಾಂಗಲೋರ್’ ಅನ್ನು ಬಿಡಲು 2024ರ ಮಾರ್ಚಿಯವರೆಗೆ ಕಾದರು. ಅದಕ್ಕೆ ಎರಡು ದಿನ ಮೊದಲು, ಮಾರ್ಚಿ 17ರಂದು, ನಮ್ಮ ಹೆಣ್ಣುಮಕ್ಕಳು ಒಂದು ಕೆಲಸ ಮಾಡಿದರು. ಮಹಿಳೆಯರ ಪಂದ್ಯಾವಳಿ ಆರಂಭವಾದದ್ದು 2023ರಲ್ಲಿ. ಎರಡನೆಯ ವರ್ಷದಲ್ಲಿಯೇ ಸ್ಮೃತಿ ಮಂಧಾನಾ ನಾಯಕಿಯಾಗಿದ್ದ ಬೆಂಗಳೂರಿನ ತಂಡವು ದೆಹಲಿಯಲ್ಲಿ ದೆಹಲಿಯವರನ್ನು 113ಕ್ಕೆ ಮುಗಿಸಿ, ಎಂಟು ವಿಕೆಟ್ಟುಗಳಿಂದ ಕಪ್ಪನ್ನು ಗೆದ್ದಿತು. ನಮ್ಮ ಕರ್ನಾಟಕದ ಶ್ರೇಯಾಂಕಾ ಪಾಟೀಲ್ 12 ಓಟಕ್ಕೆ 4 ವಿಕೆಟ್ ತೆಗೆದಳು. ಗಂಡಸರು ಹದಿನಾರು ವರ್ಷಗಳಲ್ಲಿ ತರಲಾರದ ಕಪ್ಪನ್ನು ಹೆಂಗಸರು ಎರಡೇ ವರ್ಷದಲ್ಲಿ ಮನೆಗೆ ತಂದರೆಂದು ಆ ರಾತ್ರಿ ನಮ್ಮ ಮನೆಯಲ್ಲಿ ನಗೆಯೋ ನಗೆ. ನಗೆಗೆ ಗುರಿಯಾದವರು ಯಾರೆಂದು ಹೇಳಬೇಕಾಗಿಲ್ಲ.

ಇನ್ನು 2025ರ ಅಂತಿಮ ಪಂದ್ಯ. ರಜತ್ ಪಾಟೀದಾರನೆಂಬ ಇಂದೂರಿನ ತರುಣ ನಾಯಕ. ನಮ್ಮವರು 190 ಹೊಡೆದರು. ಬರೋಡದ ಕೃಣಾಲ್ ಪಾಂಡ್ಯ ನಾಲ್ಕು ಓವರುಗಳಲ್ಲಿ 17 ಓಟ ಮಾತ್ರ ಕೊಟ್ಟು 2 ವಿಕೆಟ್ ತೆಗೆದದ್ದೇ ಪಂದ್ಯದ ತಿರುವು. ಪಂಜಾಬಿನವರು 184ಕ್ಕೆ ನಿಂತರು. ಆರು ಓಟಗಳ ಗೆಲವು. 2009ರಲ್ಲಿ ಕುಂಬ್ಳೆಯವರಿಗೆ ಸಾಲದೆ ಬಂದ ಅದೇ ಆರು! ಕೊನೆಯ ಓವರು ಮುಗಿಯುವ ಮೊದಲೇ ಕೊಹ್ಲಿ ಕಣ್ಣೀರು ಸುರಿಸುತ್ತಿದ್ದನು. ಆ ಹನ್ನೊಂದು ಮಂದಿಯಲ್ಲಿ ಕರ್ನಾಟಕದವನು ಮಯಾಂಕ್ ಅಗರ್ವಾಲ್ ಒಬ್ಬ, ಅವನೂ ಗಾಯಗೊಂಡ ದೇವದತ್ತ ಪಡಿಕ್ಕಲನ ಬದಲಿಗೆ ನಡುವಿನಲ್ಲಿ ಬಂದವನು. ಇದನ್ನು ಹಿಡಿದು “ಇದೆಂಥ ನಮ್ಮ ತಂಡ?” ಎಂದು ಮೂದಲಿಸುವವರಿದ್ದಾರೆ. ನಾವು ಆ ಗುಂಪಿಗೆ ಸೇರುವವರಲ್ಲ. ಹೊರಗಿನಿಂದ ಬಂದು ಇಲ್ಲಿ ಬಾಳಿದವರನ್ನು ನಮ್ಮವರೆನ್ನದಿದ್ದರೆ ಕನ್ನಡನಾಡಿನ ಅರ್ಧ ಚರಿತ್ರೆಯನ್ನೇ ಬಿಡಬೇಕಾದೀತು. ನಮ್ಮ ಪೇಚು ಆಟಗಾರರ ವಿಷಯದಲ್ಲಲ್ಲ, ಒಡೆತನದ ವಿಷಯದಲ್ಲಿ.

ಜೂನ್ 4ರ ಸಂಗತಿಯನ್ನು ಹೆಚ್ಚು ಬೆಳೆಸುವುದಿಲ್ಲ. ಕ್ರೀಡಾಂಗಣದಲ್ಲಿ ಕುಳಿತು ನೋಡಬಲ್ಲವರು ಸುಮಾರು 35,000 ಮಂದಿ. ಆ ಸುತ್ತಿಗೆ ಬಂದವರು ಎರಡು ಮೂರು ಲಕ್ಷವೆಂದು ಸರ್ಕಾರವೇ ಹೇಳಿತು. ಗೆಲವಿಗೂ ಉತ್ಸವಕ್ಕೂ ನಡುವೆ ಒಂದು ಹಗಲೂ ಇರಲಿಲ್ಲ. ಜಾತ್ರೆ ಕೂಡಿಸುವ ನಮ್ಮ ಹಳ್ಳಿಯ ಪಂಚರೂ ತೇರಿನ ದಾರಿಯನ್ನು, ನೀರಿನ ಪಂದಲನ್ನು, ಹಗ್ಗ ಹಿಡಿಯುವವರನ್ನು ವಾರ ಮೊದಲು ಗೊತ್ತುಮಾಡುತ್ತಾರೆ. ಅಲ್ಲಿ ಬಾಗಿಲುಗಳ ಹತ್ತಿರ ನೂಕುನುಗ್ಗಲಾಗಿ 11 ಮಂದಿ ಸತ್ತರು; ಐವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರು ಬಹುಮಟ್ಟಿಗೆ ಎಳೆಯರು. ಸರ್ಕಾರವು ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರ ವಿಚಾರಣಾ ಆಯೋಗವನ್ನು ನೇಮಿಸಿತು. ಆ ಕ್ರೀಡಾಂಗಣದ ರಚನೆಯು ಅಷ್ಟು ಜನ ಸೇರುವುದಕ್ಕೆ ತಕ್ಕುದಲ್ಲವೆಂದು ಆಯೋಗವು ಹೇಳಿತು. ಆ ವರ್ಷದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಿಂದ ತಪ್ಪಿ ನವಿಮುಂಬಯಿಗೆ ಹೋದುವು. ಸರ್ಕಾರವೂ ತಂಡದವರೂ ಪರಿಹಾರಧನವನ್ನು ಸಾರಿದರು. ನವೆಂಬರಿನಲ್ಲಿ ಡಿಯಾಜಿಯೊದ ಕೈಕೆಳಗಿನ ಕಂಪೆನಿಯು, ಮದ್ಯದ ವ್ಯಾಪಾರಕ್ಕೆ ಆಟದ ತಂಡ ಮುಖ್ಯವಲ್ಲವೆಂದೂ, ಅದನ್ನು ಇಟ್ಟುಕೊಳ್ಳುವುದೋ ಬಿಡುವುದೋ ಪುನರಾಲೋಚಿಸುವುದಾಗಿಯೂ ಪ್ರಕಟಿಸಿತು. ಕಪ್ಪು ಬಂದು ಐದೇ ತಿಂಗಳಾಗಿತ್ತು.

ಒಡೆಯರು ಕೊಟ್ಟ ಹಣ ಎಲ್ಲಿಂದ ಮರಳಿ ಬರುತ್ತದೆಂದು ಕೇಳುವ ಓದುಗರಿರಬಹುದು. ಬಾಗಿಲಿನಲ್ಲಿ ಮಾರುವ ಟಿಕೆಟ್ಟು ಅದರಲ್ಲಿ ಅಲ್ಪ. ಆಟವನ್ನು ಮನೆಮನೆಗೆ ತೋರಿಸುವ ಹಕ್ಕನ್ನು 2023ರಿಂದ 2027ರವರೆಗಿನ ಐದು ವರ್ಷಕ್ಕೆ ಕ್ರಿಕೆಟ್ ಮಂಡಲಿಯು 48,390 ಕೋಟಿ ರೂಪಾಯಿಗೆ ಮಾರಿತು. ಅದರಲ್ಲಿ ದೊಡ್ಡ ಪಾಲು ತಂಡಗಳಿಗೆ ಹಂಚಿಕೆಯಾಗುತ್ತದೆ. ಅಂದರೆ ನಮ್ಮ ಬೀದಿಯ ಮನೆಗಳು ದೀಪವಾರಿಸದೆ ಕುಳಿತಿದ್ದುವಲ್ಲ, ಆ ಕುಳಿತಿರುವುದೇ ಸರಕು.

ಈ ಪದ್ಧತಿ ಅಮೆರಿಕದಿಂದ ಬಂದದ್ದು. ಪಂದ್ಯಾವಳಿಯನ್ನು ರೂಪಿಸಿದ ಲಲಿತ್ ಮೋದಿಯವರು ಆ ದೇಶದಲ್ಲಿ ಓದಿ, ಅಲ್ಲಿಯ ಆಟದ ವ್ಯವಹಾರವನ್ನು ಕಂಡುಬಂದವರು. ಅಮೆರಿಕದವರು ‘ಫುಟ್‌ಬಾಲ್’ ಎಂದು ಕರೆಯತಕ್ಕ ಆಟದಲ್ಲಿ ಕಾಲಿನಿಂದ ಒದೆಯುವುದು ಅಪರೂಪ. ಎರಡು ತುದಿ ಮೊನಚಾದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದು, ಎದುರಿನವರು ಮೈಮೇಲೆ ಬಿದ್ದು ಕೆಡವುವುದು, ನಾಲ್ಕು ಪ್ರಯತ್ನಗಳೊಳಗೆ 10 ಗಜ ಮುಂದಕ್ಕೆ ಸಾಗುವುದು. ಇದೇ ಅದರ ಸಾರ. ಅಲ್ಲಿಯೂ ತಂಡಕ್ಕೆ ಊರಿನ ಹೆಸರು, ಹಕ್ಕಿಗೆ ಒಬ್ಬ ಧನಿಕ. ಮಂಡಲಿಯ ಸಮ್ಮತಿ ದೊರೆತರೆ ಆ ಧನಿಕನು ತಂಡವನ್ನು ಮತ್ತೊಂದು ಊರಿಗೆ ಎತ್ತಿಕೊಂಡು ಹೋಗಲೂಬಹುದು. ಮಂಡಲಿ ಬೇಡವೆಂದಾಗಲೂ ನ್ಯಾಯಸ್ಥಾನಕ್ಕೆ ಹೋಗಿ ಗೆದ್ದು ಹೊರಟವರುಂಟು. ಇದರ ಫಲವೇನೆಂಬುದನ್ನು ಬಾಲ್ಟಿಮೋರಿನವರನ್ನು ಕೇಳಬೇಕು. ‘ಕೋಲ್ಟ್ಸ್’ ಎಂಬ ತಂಡವು ಆ ಊರಿನಲ್ಲಿ 1953ರಿಂದ ಆಡುತ್ತಿದ್ದಿತು, ಕೀರ್ತಿಯನ್ನೂ ತಂದಿದ್ದಿತು. ಮೈದಾನದ ವಿಷಯದಲ್ಲಿ ಒಡೆಯನಿಗೂ ನಗರಕ್ಕೂ ಮನಸ್ತಾಪವಾಗಿ, ತಂಡವನ್ನು ಸರ್ಕಾರವೇ ವಶಪಡಿಸಿಕೊಳ್ಳುವ ಮಸೂದೆ ಶಾಸನಸಭೆಯ ಮುಂದೆ ಬಂದಿದ್ದಿತು. 1984ರ ಮಾರ್ಚಿ 28ರ ನಡುರಾತ್ರಿ ಹಿಮ ಬೀಳುತ್ತಿರುವಾಗ ಸಾಮಾನು ಸಾಗಿಸುವ ಲಾರಿಗಳು ಸಾಲಾಗಿ ಬಂದುವು. ಬೆಳಗಾಗುವುದರೊಳಗೆ ಕೋಲ್ಟ್ಸ್ ತಂಡದ ಸರಂಜಾಮೆಲ್ಲವೂ ಇಂಡಿಯಾನಾಪೊಲಿಸ್ ಎಂಬ ದೂರದ ನಗರದ ದಾರಿ ಹಿಡಿದಿದ್ದಿತು. ತಂಡದ ಹೆಸರನ್ನೂ ಕೊಂಡೊಯ್ದರು. ಊರಿಗೆ ಉಳಿದದ್ದು ತಂಡದ ವಾದ್ಯಮೇಳ ಒಂದೇ. ಅದರ ಉಡುಪುಗಳು ಆ ರಾತ್ರಿ ಬಟ್ಟೆ ಮಡಿಮಾಡುವ ಅಂಗಡಿಯಲ್ಲಿದ್ದುದರಿಂದ ಲಾರಿಗೆ ಸಿಕ್ಕಲಿಲ್ಲ. ಮೇಳದವರು ಅವನ್ನು ಬಚ್ಚಿಟ್ಟು, ತಂಡವಿಲ್ಲದೆಯೇ ಹನ್ನೆರಡು ವರ್ಷ ಊರೂರಿನಲ್ಲಿ ಬಾರಿಸುತ್ತಿದ್ದರು. 1996ರಲ್ಲಿ ಮತ್ತೊಂದು ತಂಡ ಆ ನಗರಕ್ಕೆ ಬಂದಿತು.

ಅದೇ ದೇಶದಲ್ಲಿ, ಅದೇ ಆಟದಲ್ಲಿ, ಮತ್ತೊಂದು ಊರಿದೆ. ವಿಸ್ಕಾನ್ಸಿನ್ ಸಂಸ್ಥಾನದ ಗ್ರೀನ್ ಬೇ. ಜನಸಂಖ್ಯೆ ಸುಮಾರು 1,07,000; ನಮ್ಮ ಕೊಳ್ಳೇಗಾಲದಂಥ ಪಟ್ಟಣಗಳು ಎರಡು ಕೂಡಿದಷ್ಟು. 1919ರಲ್ಲಿ ಕರ್ಲಿ ಲ್ಯಾಂಬೋ ಎಂಬ ತರುಣನೂ ಕ್ಯಾಲ್ಹೂನ್ ಎಂಬ ಪತ್ರಿಕೆಯವನೂ ಕೂಡಿ ಅಲ್ಲಿ ತಂಡ ಕಟ್ಟಿದರು. ಲ್ಯಾಂಬೋ ಕೆಲಸ ಮಾಡುತ್ತಿದ್ದ ಮಾಂಸ ಡಬ್ಬಿಗೆ ತುಂಬುವ ಕಂಪೆನಿಯು ಅಂಗಿಗಳಿಗಾಗಿ 500 ಡಾಲರು ಕೊಟ್ಟಿತು. ಡಬ್ಬಿ ತುಂಬುವವರು ಎಂಬ ಅರ್ಥದಲ್ಲಿ ‘ಪ್ಯಾಕರ್ಸ್’ ಎಂದು ತಂಡಕ್ಕೆ ಹೆಸರಾಯಿತು. ಬೇಗನೆ ಹಣದ ಮುಗ್ಗಟ್ಟು ಬಂದಿತು. ಆಗ ಊರಿನ ವ್ಯಾಪಾರಸ್ಥರೂ ಗೃಹಸ್ಥರೂ ಸಭೆ ಸೇರಿ, 1923ರಲ್ಲಿ ಪಾಲೊಂದಕ್ಕೆ 5 ಡಾಲರಿನಂತೆ ಎತ್ತಿ, ತಂಡವನ್ನು ಊರಿನದನ್ನಾಗಿ ಮಾಡಿದರು. ಪಾಲಿಗೆ ಲಾಭಾಂಶವಿಲ್ಲ. ಅದನ್ನು ಹೆಚ್ಚಿನ ಬೆಲೆಗೆ ಮಾರುವಂತಿಲ್ಲ. ಮನೆಯ ಮಕ್ಕಳಿಗೆ ಬಿಟ್ಟುಹೋಗಬಹುದು, ಅಷ್ಟೇ. ಮುಂದೆಂದಾದರೂ ತಂಡವನ್ನು ಮಾರಿದರೆ ಆ ಹಣ ಪಾಲುದಾರರಿಗೆ ಸೇರದೆ, ಊರಿನ ಸೈನಿಕರ ಸ್ಮಾರಕಕ್ಕೆ ಹೋಗಬೇಕೆಂದು ಆಗಲೇ ಬರೆದಿಟ್ಟರು. 1997ರಲ್ಲಿ ಅದನ್ನು ಧರ್ಮಕಾರ್ಯಗಳ ನಿಧಿಗೆಂದು ಬದಲಾಯಿಸಿದರು. ಈ ಉಪಾಯದ ಜಾಣ್ಮೆಯನ್ನು ನೋಡಿರಿ: ಮಾರಿ ಯಾರಿಗೂ ಲಾಭವಿಲ್ಲದಿರುವುದರಿಂದ ಮಾರುವ ಆಸೆ ಯಾರಿಗೂ ಹುಟ್ಟುವುದಿಲ್ಲ. ಈವರೆಗೆ ಆರು ಸಲ ಪಾಲೆತ್ತಿದ್ದಾರೆ. ಪಾಲುದಾರರು ಐದು ಲಕ್ಷಕ್ಕೆ ಮಿಗಿಲಾಗಿದ್ದಾರೆ. ಇಂಥ ಚಿಕ್ಕ ಊರಿನ ತಂಡವು ಮಹಾನಗರಗಳ ತಂಡಗಳನ್ನು ಮೀರಿಸಿ 13 ಸಲ ಅಗ್ರಪದವಿಯನ್ನು ಪಡೆದಿದೆ. ಮೈದಾನದಲ್ಲಿ ಹಿಮ ಬಿದ್ದರೆ ಊರಿನವರು ಗುದ್ದಲಿ ಹಿಡಿದು ಬಂದು ಕೂಲಿಗೆ ತೆಗೆಯುತ್ತಾರೆ. ಅಭ್ಯಾಸದ ದಿನಗಳಲ್ಲಿ ಊರಿನ ಮಕ್ಕಳು ತಮ್ಮ ಸೈಕಲ್ಲುಗಳನ್ನು ತಂದು ನಿಲ್ಲಿಸುವರು. ಆನೆಯಂಥ ಆಟಗಾರನು ಮೊಣಕಾಲು ಎದೆಗೆ ತಾಗುವಂತೆ ಕುಳಿತು ಆ ಪುಟ್ಟ ಸೈಕಲ್ಲನ್ನು ತುಳಿಯುತ್ತ ಮೈದಾನಕ್ಕೆ ಹೋಗುವನು. ಅವನ ಶಿರಸ್ತ್ರಾಣವನ್ನು ಹೊತ್ತು ಮಗು ಪಕ್ಕದಲ್ಲಿ ಓಡುವುದು.

ಹಾಗಾದರೆ ಎಲ್ಲ ಊರುಗಳೂ ಹೀಗೆಯೇ ಮಾಡಬಾರದೇಕೆ? ಆ ದೇಶದ ಮಂಡಲಿಯೇ ಮುಂದೆ ನಿಯಮ ಮಾಡಿ, ಇಂಥ ಒಡೆತನ ಇನ್ನು ಯಾರಿಗೂ ಕೂಡದೆಂದು ವಿಧಿಸಿತು. ಗ್ರೀನ್ ಬೇ ಹಳೆಯದಾದ್ದರಿಂದ ಉಳಿದುಕೊಂಡಿತು. ನಮ್ಮಲ್ಲಿ ಅಂಥದನ್ನು ಮಾಡಬಹುದೆಂಬ ಭ್ರಮೆ ನಮಗಿಲ್ಲ. 5 ಡಾಲರಿನ ಪಾಲೆತ್ತಿ ತಂಡ ಕೊಳ್ಳುವ ಕಾಲ ಹೋಯಿತು. ಆದರೆ ಒಂದನ್ನು ಕೇಳಬಹುದು. ತಂಡಕ್ಕೆ ಊರಿನ ಹೆಸರನ್ನು ತೆಗೆದುಕೊಂಡವರು, ಆ ಹೆಸರಿನ ಹಿಂದೆ ಬರುವ ಜನದ ಭಾರವನ್ನೂ ಹೊರಬೇಕಲ್ಲವೆ? ಇಷ್ಟು ಜನ ಬರುವರು, ಇಷ್ಟು ಬಾಗಿಲು ಬೇಕು, ಇಷ್ಟು ನೀರು ಬೇಕು, ಇಂದು ಬೇಡ ನಾಳಿದ್ದು ಸೇರೋಣ ಎಂದು ಲೆಕ್ಕ ಹಾಕುವ ಮನೆಯ ಯಜಮಾನನೊಬ್ಬನು ಅಲ್ಲಿರಬೇಕಾಗಿತ್ತು. ಆ ಸ್ಥಾನ ಯಾರದೆಂದು ಪೋಲೀಸಿನವರೂ, ಸರ್ಕಾರವೂ, ಕ್ರಿಕೆಟ್ ಸಂಸ್ಥೆಯೂ, ತಂಡದವರೂ ಒಬ್ಬರ ಕಡೆಗೊಬ್ಬರು ಬೆರಳು ತೋರಿದುದನ್ನು ನಾವೆಲ್ಲರೂ ಕಂಡೆವು. ದೂರವಾಣಿಯಲ್ಲಿ “ಹೋಗಲಿ ಬಿಡು” ಎಂದ ನಾವೂ ಆ ಸಾಲಿನಿಂದ ಹೊರಗಿನವರಲ್ಲ.

ಇಷ್ಟನ್ನೂ ಬರೆದಾದ ಮೇಲೆ ಮೊನ್ನೆ ಆ ತಾಯಿಗೆ ಓದಿ ಹೇಳಿದೆವು. ಗ್ರೀನ್ ಬೇ ಊರಿನ ಕಥೆ ಬಂದಾಗ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಕೇಳಿದರು.

“ಆ ಪಾಲಿಗೆ ಈಗ ಎಷ್ಟಂತೆ ಅಣ್ಣ?”

“ಕಡೆಯ ಸಲ 2021ರಲ್ಲಿ ಮಾರಿದಾಗ 300 ಡಾಲರು. ನಮ್ಮ ಲೆಕ್ಕಕ್ಕೆ ಇಪ್ಪತ್ತೆರಡು ಸಾವಿರದ ಮೇಲಾಯಿತು.”

“ವರ್ಷಕ್ಕೆ ಏನಾದ್ರೂ ಬರುತ್ತಾ ಅದ್ರಿಂದ?”

“ಏನೂ ಬರೋದಿಲ್ಲ ತಾಯಿ. ಒಂದು ಕಾಗದ ಕೊಡ್ತಾರೆ. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ಕೋತಾರೆ.”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಇವನ ಅಂಗೀನೂ ಗೋಡೆ ಮೇಲೇ ಐತೆ” ಎಂದರು. “ತೋಳು ಹೊಲಿದು ಕೊಟ್ಟೆ. ಹಾಕ್ಕೊಳ್ಳಲಿಲ್ಲ. ಬಿಸಾಡು ಅಂದ್ರೆ ಬಿಸಾಡಲೂ ಇಲ್ಲ.” ಮತ್ತೆ ಮೊರವನ್ನು ಎತ್ತಿಕೊಂಡು ಅಕ್ಕಿ ಕೇರತೊಡಗಿದರು.